ಲಾರಾಳ ಅಪ್ಪ ಮತ್ತು ಜನಗಣತಿಯ ಖಾಲಿ ಕಾಲಂ

1/8

‘ಲಿಟಲ್ ಹೌಸ್ ಆನ್ ದ ಪ್ರೇರಿ’ ಹೆಸರು ನಿಮ್ಮಲ್ಲಿ ಎಷ್ಟೋ ಜನ ಕೇಳಿರ್ತೀರಿ. ಲಾರಾ ಇಂಗಲ್ಸ್ ವೈಲ್ಡರ್ ಬರೆದ ಮಕ್ಕಳ ಪುಸ್ತಕ. ಈ ಸರಣಿ ಕನ್ನಡಕ್ಕೂ ಬಂದಿದೆ. ಓದಿಲ್ಲ ಅಂದ್ರೂ ಪರವಾಗಿಲ್ಲ, ಕಥೆ ಇಷ್ಟೇ: 19ನೇ ಶತಮಾನದ ಅಮೆರಿಕ, ಬಟ್ಟೆ ಹೊದಿಸಿದ ಗಾಡಿ, ಅದರಲ್ಲಿ ಅಪ್ಪ, ಅಮ್ಮ, ಹೆಣ್ಣುಮಕ್ಕಳು, ಒಂದು ನಾಯಿ. ಅಪ್ಪ ಮರ ಕಡಿದು ಮನೆ ಕಟ್ತಾನೆ, ಬಾವಿ ತೋಡ್ತಾನೆ, ರಾತ್ರಿ ಪಿಟೀಲು ನುಡಿಸ್ತಾನೆ. ಯಾರ ಹತ್ರಾನೂ ಕೈ ಚಾಚಲ್ಲ.

ಆ ಅಪ್ಪ ನಿಜವಾದ ಮನುಷ್ಯ. ಹೆಸರು ಚಾರ್ಲ್ಸ್ ಇಂಗಲ್ಸ್. 1836ರ ಜನವರಿ 10ರಂದು ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಅನ್ನೋ ಊರಲ್ಲಿ ಹುಟ್ಟಿದ (ಹೌದು, ಊರಿನ ಹೆಸರೇ ಕ್ಯೂಬಾ). 1902ರ ಜೂನ್ 8ರಂದು ಸೌತ್ ಡಕೋಟದ ಡಿ ಸ್ಮೆಟ್‌ನಲ್ಲಿ ತೀರಿಕೊಂಡ. ನಡುವೆ ಬದುಕಿದ್ದು ಹೆಚ್ಚಾಗಿ ಮಿಡ್‌ವೆಸ್ಟ್‌ನಲ್ಲಿ: ವಿಸ್ಕಾನ್ಸಿನ್, ಕನ್ಸಾಸ್, ಮಿನ್ನೆಸೋಟ, ಅಯೋವಾ, ಡಕೋಟ.

ಪುಸ್ತಕ ಪಕ್ಕಕ್ಕಿಟ್ಟು, ಬರೀ ಜನಗಣತಿ ಹಾಳೆ ಮತ್ತು ಹಳೇ ಪತ್ರಿಕೆ ಹಿಡ್ಕೊಂಡು ಹೋದ್ರೆ ಈ ಮನುಷ್ಯ ಹೇಗೆ ಕಾಣ್ತಾನೆ? ಎಂಟು ಪೋಸ್ಟ್‌ಗಳಲ್ಲಿ ಅದನ್ನೇ ನೋಡೋಣ. ನಿಧಾನವಾಗಿ ಓದಿ.

2/8

ಮೊದಲು ಸಾಮಗ್ರಿ ಏನು ಅಂತ ತಿಳ್ಕೊಳ್ಳೋಣ, ಬೇಗ ಮುಗಿಸ್ತೀನಿ.

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ. ಆದರೆ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ ಬರೀತಿದ್ರು. ಉಳಿದವರು ಬರೀ ಸಂಖ್ಯೆ. 1850ರಲ್ಲಿ ಮೊದಲ ಬಾರಿಗೆ ಮನೆಯ ಪ್ರತಿಯೊಬ್ಬರ ಹೆಸರು ಬಂತು. ‘ಪ್ರತಿಯೊಬ್ಬರ’ ಅಂದ್ರೆ ಸ್ವತಂತ್ರ ಜನರದ್ದು. ಗುಲಾಮರಾಗಿದ್ದ ಕಪ್ಪು ಜನರನ್ನು 1850 ಮತ್ತು 1860ರಲ್ಲಿ ಬೇರೆ ಹಾಳೆಯಲ್ಲಿ, ಒಡೆಯನ ಹೆಸರಿನ ಕೆಳಗೆ, ವಯಸ್ಸು ಮತ್ತು ಲಿಂಗ ಹಾಕಿ ಎಣಿಸಿದ್ರು. ಹೆಸರಿನ ಜಾಗ ಸಾಮಾನ್ಯವಾಗಿ ಇರಲೇ ಇಲ್ಲ. ಅವರೆಲ್ಲರ ಹೆಸರು ಗಣತಿಯಲ್ಲಿ ಬಂದದ್ದು 1870ರಲ್ಲಿ. ಈ 1870ರ ಹಾಳೆ ನೆನಪಲ್ಲಿಡಿ, ಮುಂದಿನ ಪೋಸ್ಟ್ ಪೂರ್ತಿ ಅದರದ್ದೇ.

ಇನ್ನೊಂದು ನಿಯಮ: ಗಣತಿ ಆಗಿ 72 ವರ್ಷ ಕಳೆದ ಮೇಲೆ ಹೆಸರಿರುವ ಹಾಳೆಗಳನ್ನು ಸಾರ್ವಜನಿಕರಿಗೆ ಬಿಡ್ತಾರೆ. 1950ರದ್ದು 2022ರ ಏಪ್ರಿಲ್ 1ಕ್ಕೆ ಹೊರಗೆ ಬಂತು. ನಮ್ಮ ಮುತ್ತಜ್ಜನನ್ನು ಹೀಗೇ ಹುಡುಕಬಹುದಾ ಅಂತ ಕೇಳೋಕೆ ಬರ್ತಿದ್ರೆ, ಇಲ್ಲ. ನಮ್ಮ 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆಯ ಹಾಳೆಗಳನ್ನು ಯಾರೂ ತೆಗೆಸಿ ನೋಡೋ ಹಾಗಿಲ್ಲ, ಎಷ್ಟು ವರ್ಷ ಆದ್ರೂ.

ಇದರಲ್ಲಿ ಒಂದು ತಮಾಷೆ ಇದೆ. ಅಮೆರಿಕದಲ್ಲಿ ಈ ಕೆಲಸ ಮಾಡೋರು ಸಾಮಾನ್ಯವಾಗಿ ತಮ್ಮದೇ ಪೂರ್ವಜರನ್ನು ಹುಡುಕ್ತಾರೆ. ಚಾರ್ಲ್ಸ್ ಇಂಗಲ್ಸ್‌ಗೆ ಮಾತ್ರ ಇವತ್ತು ವಂಶಸ್ಥರೇ ಇಲ್ಲ. ದೊಡ್ಡಾಗಿ ಬೆಳೆದ ನಾಲ್ಕು ಹೆಣ್ಣುಮಕ್ಕಳಲ್ಲಿ ಲಾರಾಗೆ ಮಾತ್ರ ಸಂತಾನ. ಅವರ ಮಗಳು ರೋಸ್ 1968ರಲ್ಲಿ ತೀರಿಕೊಂಡಾಗ ಆಕೆಗೂ ಮಕ್ಕಳಿರಲಿಲ್ಲ. ಈತನನ್ನು ಆರ್ಕೈವ್‌ಗಳಲ್ಲಿ ಬೆನ್ನಟ್ಟಿದವರು ಬಹುಪಾಲು ಪುಸ್ತಕ ಓದಿ ಬೆಳೆದ ಓದುಗರು. ಮೊಮ್ಮಕ್ಕಳ ಕೆಲಸ ಓದುಗರು ಮಾಡಿದ್ರು.

3/8

ಕನ್ಸಾಸ್, 1870ರ ಆಗಸ್ಟ್. ಮಾಂಟ್ಗೊಮೆರಿ ಕೌಂಟಿ, ರಟ್ಲೆಂಡ್ ಟೌನ್‌ಶಿಪ್.

ಗಣತಿದಾರ ಏಸಾ ಹೇರ್‌ಗ್ರೋವ್ ಹುಲ್ಲುಗಾವಲಿನಲ್ಲಿ ಮನೆಯಿಂದ ಮನೆಗೆ ಹೋಗ್ತಾ ಬರ್ಕೋತಿದ್ದಾನೆ. 89ನೇ ಮನೆ ಇಂಗಲ್ಸ್ ಕುಟುಂಬದ್ದು. ಹೆಸರಿನ ಸ್ಪೆಲಿಂಗ್ ತಪ್ಪು ಬರೆದಿದ್ದಾನೆ (ಆಗ ಇದು ದಿನನಿತ್ಯದ ವಿಷಯ, ಹುಡುಕುವಾಗ ಸರಿಯಾದ ಸ್ಪೆಲಿಂಗ್ ಒಂದನ್ನೇ ನಂಬಿದ್ರೆ ಕೆಟ್ವಿ). ಸಾಲಿನಲ್ಲಿ ಮುಂದೆ ಹೋದ್ರೆ ಆಸ್ತಿ ಮೌಲ್ಯದ ಕಾಲಂ ಬರುತ್ತೆ: ಜಮೀನಿನ ಬೆಲೆ ಎಷ್ಟು?

ಖಾಲಿ.

ಅಕ್ಕಪಕ್ಕದವರದ್ದೂ ಖಾಲಿ. ಯಾಕೆ ಅಂತ ಹೇರ್‌ಗ್ರೋವ್ ತಾನೇ ಟಿಪ್ಪಣಿ ಬರೆದಿಟ್ಟಿದ್ದಾನೆ: ಈ ಭೂಮಿ ಒಸೇಜ್ ಜನರದ್ದು, ಇಲ್ಲಿ ಬಂದು ಕೂತವರಿಗೆ ಇದರ ಮೇಲೆ ಹಕ್ಕುಪತ್ರ ಇಲ್ಲ. ಮಾತಿನ ಅರ್ಥ ಅಷ್ಟೇ. ಒಬ್ಬ ಸರ್ಕಾರಿ ಗಣತಿದಾರ, 1870ರಲ್ಲಿ, ಸ್ವಂತ ಕೈಯಲ್ಲಿ ಬರೆದದ್ದು. ಅಂದ್ರೆ ‘ಅದು ಆಗಿನ ಕಾಲ, ಯಾರಿಗೂ ಗೊತ್ತಿರಲಿಲ್ಲ’ ಅನ್ನೋ ಮಾತು ಇಲ್ಲಿ ನಡೆಯಲ್ಲ. ಗೊತ್ತಿತ್ತು. ಬರೆದಿಟ್ಟಿದ್ರು ಕೂಡ.

ಈಗ ಅದೇ ಹಾಳೆಯಲ್ಲಿ ಒಸೇಜ್ ಜನರನ್ನು ಹುಡುಕಿ. ಸಿಗಲ್ಲ. ತೆರಿಗೆ ಕಟ್ಟದ ಇಂಡಿಯನ್ನರನ್ನು ಸಾಮಾನ್ಯ ಜನಗಣತಿಯಲ್ಲಿ ಸೇರಿಸ್ತಾ ಇರಲಿಲ್ಲ. ಭೂಮಿ ಯಾರದ್ದೋ ಅವರ ಹೆಸರಿಲ್ಲ. ಅಲ್ಲಿ ಹಕ್ಕಿಲ್ಲದೆ ಕೂತವರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಎಲ್ಲ ಇದೆ.

ದಿನಾಂಕ ನೋಡಿ, ಇನ್ನೂ ಒಂದು ವಿಷಯ ಹೊರಗೆ ಬರುತ್ತೆ. ಪುಸ್ತಕದಲ್ಲಿ ಅಪ್ಪ ಆ ಮನೆ ಬಿಡೋದು ಸರ್ಕಾರ ಸೈನಿಕರನ್ನು ಕಳಿಸಿ ಎಬ್ಬಿಸುತ್ತೆ ಅನ್ನೋ ಸುದ್ದಿಯಿಂದ. ವಾಸ್ತವದಲ್ಲಿ 1870ರ ಜುಲೈ 15ರಂದೇ ಅಮೆರಿಕದ ಸಂಸತ್ತು ಕಾನೂನು ಮಾಡಿತ್ತು: ಒಸೇಜ್ ಜನ ಈಗಿನ ಒಕ್ಲಹೋಮಾಕ್ಕೆ ಹೋಗಬೇಕು, ಅವರ ಭೂಮಿಯನ್ನು ಎಕರೆಗೆ 1.25 ಡಾಲರ್‌ನಂತೆ ಅಲ್ಲಿ ಕೂತ ಬಿಳಿಯರೇ ಕೊಳ್ಳಬಹುದು. ಒಬ್ಬರಿಗೆ 160 ಎಕರೆ, ಅಂದ್ರೆ 200 ಡಾಲರ್. ಗಣತಿದಾರ ಬಾಗಿಲಿಗೆ ಬರೋ ಹೊತ್ತಿಗೆ ಗಾಳಿ ಚಾರ್ಲ್ಸ್ ಕಡೆಗೇ ತಿರುಗಿತ್ತು. ಆದರೂ 1871ರ ವಸಂತದಲ್ಲಿ ಆತ ಗಾಡಿ ಕಟ್ಟಿದ. ಕಾರಣ ವಿಸ್ಕಾನ್ಸಿನ್‌ನಲ್ಲಿತ್ತು: ಅಲ್ಲಿ ಆತ ಮಾರಿದ್ದ ಜಮೀನು ಕೊಂಡವನು ದುಡ್ಡು ಪೂರ್ತಿ ಕಟ್ಟೋಕಾಗದೆ ವಾಪಸ್ ಕೊಟ್ಟಿದ್ದ.

ಎಬ್ಬಿಸಿಕೊಂಡು ಹೋದವರು ಒಸೇಜ್ ಜನ. ಪುಸ್ತಕ ಮುಚ್ಚುವಾಗ ಮಾತ್ರ ನಮಗೆ ಅನ್ಯಾಯ ಆಯ್ತು ಅನ್ನಿಸೋದು ಇಂಗಲ್ಸ್ ಮನೆಯವರಿಗೆ. ಇದೇ ನನಗೆ ಈ ಇಡೀ ಹುಡುಕಾಟದಲ್ಲಿ ಅತಿ ಮುಖ್ಯ ಅನ್ನಿಸಿದ ಸಾಲು, ಅಂದ್ರೆ ಆ ಖಾಲಿ ಸಾಲು.

1935ರ ಮೊದಲ ಮುದ್ರಣದಲ್ಲಿ ಆ ಪ್ರದೇಶದಲ್ಲಿ ಮನುಷ್ಯರೇ ಇಲ್ಲ, ಇಂಡಿಯನ್ನರು ಮಾತ್ರ ಅನ್ನೋ ಅರ್ಥದ ಒಂದು ಮಾತಿತ್ತು. ಓದುಗರೊಬ್ಬರು ಆಕ್ಷೇಪಿಸಿದ ಮೇಲೆ 1953ರ ಮುದ್ರಣದಲ್ಲಿ ‘ಮನುಷ್ಯರು’ ಹೋಗಿ ‘ವಲಸಿಗರು’ ಆಯ್ತು.

4/8

ಅದೇ ಹಾಳೆ, ಇನ್ನೊಂದು ಉಪಯೋಗ.

ಪುಸ್ತಕದಲ್ಲಿ ಮನೆಯವರಿಗೆಲ್ಲ ಚಳಿಜ್ವರ ಬಂದಾಗ ಡಾಕ್ಟರ್ ಟ್ಯಾನ್ ಅನ್ನೋ ಕಪ್ಪು ವೈದ್ಯ ಬಂದು ಉಳಿಸ್ತಾರೆ. ಕಾಡುಮೇಡಿನಲ್ಲಿ 1870ರಲ್ಲಿ ಕಪ್ಪು ಡಾಕ್ಟರಾ, ಕಟ್ಟುಕಥೆ ಇರಬೇಕು ಅನ್ನಿಸಬಹುದು. ಅಲ್ಲ. ಜಾರ್ಜ್ ಟ್ಯಾನ್ ಅದೇ ಟೌನ್‌ಶಿಪ್‌ನ ಅದೇ ಗಣತಿಯಲ್ಲಿ ನೆರೆಯವರಾಗಿ ಇದ್ದಾರೆ. ಎರಡನೇ ಪೋಸ್ಟ್ ನೆನಪಿದೆಯಲ್ಲ? ಎಲ್ಲ ಕಪ್ಪು ಅಮೆರಿಕನ್ನರನ್ನೂ ಹೆಸರು ಹಿಡಿದು ಬರೆದ ಮೊದಲ ಗಣತಿ ಇದು. ಅವರ ಸಮಾಧಿ ಹತ್ತಿರದ ಇಂಡಿಪೆಂಡೆನ್ಸ್ ಊರಲ್ಲಿದೆ.

ಮನೆ ಎಲ್ಲಿತ್ತು ಅನ್ನೋದಕ್ಕೂ ಉತ್ತರ ಕೊಟ್ಟದ್ದು ಇದೇ ಹಾಳೆ. ಲಾರಾ ಕನ್ಸಾಸ್‌ನಲ್ಲಿದ್ದಾಗ ಮೂರ್ನಾಲ್ಕು ವರ್ಷದ ಮಗು. ಮನೆ ಇಂಡಿಪೆಂಡೆನ್ಸ್‌ನಿಂದ 40 ಮೈಲಿ ಅಂತ ಬರೆದುಬಿಟ್ರು. ಅದನ್ನು ನಂಬಿ ಅಮ್ಮ-ಮಗಳು ಒಕ್ಲಹೋಮಾ ಕಡೆ ಹುಡುಕಿದ್ರು, ಸಿಗಲಿಲ್ಲ. ಚಾರ್ಲ್ಸ್ ಆ ಜಮೀನನ್ನು ಕೊಳ್ಳಲೇ ಇಲ್ಲವಾದ್ದರಿಂದ ಕಚೇರಿಯಲ್ಲಿ ಆತನ ಹೆಸರಿನ ಪತ್ರವೂ ಇಲ್ಲ.

1960ರ ದಶಕದ ಕೊನೆಗೆ ಅಲ್ಲಿನ ಸ್ಥಳೀಯ ಸಂಶೋಧಕಿಯೊಬ್ಬರು ಮಾಡಿದ ಕೆಲಸ ನೋಡಿ, ಎಷ್ಟು ಸರಳ, ಎಷ್ಟು ಜಾಣತನ! ಗಣತಿದಾರ ಮನೆಯಿಂದ ಮನೆಗೆ ನಡೆದಿದ್ದಾನೆ. ಅಂದ್ರೆ ಹಾಳೆಯ ಕ್ರಮಸಂಖ್ಯೆಯೇ ಅವನು ನಡೆದ ದಾರಿ. ಹಿಂದಿನ ಮುಂದಿನ ಮನೆಯವರು ಆಮೇಲೆ ಜಮೀನು ಕೊಂಡಿದ್ದರಿಂದ ಅವರ ಪತ್ರಗಳು ಕೋರ್ಟ್ ಕಚೇರಿಯಲ್ಲಿವೆ. ಅವರನ್ನೆಲ್ಲ ನಕ್ಷೆಯ ಮೇಲೆ ಕೂರಿಸುತ್ತಾ ಹೋದ್ರು. ನಡುವೆ ಯಾರೂ ಹಕ್ಕು ಹೇಳದ ಒಂದು ತುಂಡು ಉಳೀತು. ಅಲ್ಲಿ ಹೋಗಿ ನೋಡಿದ್ರೆ ಕೈಯಲ್ಲಿ ತೋಡಿದ ಹಳೇ ಬಾವಿ! ಊರಿಂದ 40 ಮೈಲಿ ಅಲ್ಲ, ಅದರ ಮೂರರಲ್ಲಿ ಒಂದು ಪಾಲು ದೂರ ಅಷ್ಟೆ. ಇವತ್ತು ಅಲ್ಲಿ ಮ್ಯೂಸಿಯಂ ಇದೆ.

ಹಾಗಾಗಿ ಗಣತಿ ಹಾಳೆ ತೆಗೆದಾಗ ನಿಮಗೆ ಬೇಕಾದ ಒಂದು ಸಾಲಿನ ಫೋಟೊ ತಗೊಂಡು ಹೋಗ್ಬೇಡಿ. ಪೂರ್ತಿ ಪುಟ ತಗೊಳ್ಳಿ, ಹಿಂದಿನದ್ದು, ಮುಂದಿನದ್ದೂ ಕೂಡ.

5/8

ಇದು ಸ್ವಲ್ಪ ಭಾರದ ಪೋಸ್ಟ್.

ಮಿನ್ನೆಸೋಟ ರಾಜ್ಯ ತನ್ನದೇ ಗಣತಿಯನ್ನು 5ರಲ್ಲಿ ಕೊನೆಯಾಗುವ ವರ್ಷಗಳಲ್ಲಿ ಮಾಡ್ತಿತ್ತು. 1875ರದ್ದು ಮೇ 1ರ ಲೆಕ್ಕ. ಇಂಗಲ್ಸ್ ಕುಟುಂಬ ಆಗ ಮಿನ್ನೆಸೋಟದ ವಾಲ್‌ನಟ್ ಗ್ರೋವ್ ಹತ್ತಿರ. ಅದು ಮಿಡತೆಗಳ ಕಾಲ. 1873ರಿಂದ 1877ರವರೆಗೆ ರಾಕಿ ಪರ್ವತದ ಮಿಡತೆ ಆ ಸೀಮೆಯ ಗೋಧಿಯನ್ನು ಬುಡಸಮೇತ ತಿಂದು ಹಾಕ್ತು. (ಆ ಮಿಡತೆ ಜಾತಿಯೇ ಈಗ ನಿರ್ನಾಮ. ಕೊನೆಯದಾಗಿ ಜೀವಂತ ಸಿಕ್ಕಿದ್ದು 1902ರಲ್ಲಿ, ಚಾರ್ಲ್ಸ್ ಸತ್ತ ವರ್ಷ.)

1875ರ ನವೆಂಬರ್ 1ಕ್ಕೆ ಚಾರ್ಲ್ಸ್–ಕ್ಯಾರೊಲಿನ್ ದಂಪತಿಗೆ ಗಂಡುಮಗು ಹುಟ್ಟಿತು. ಚಾರ್ಲ್ಸ್ ಫ್ರೆಡ್ರಿಕ್, ಮನೆಯಲ್ಲಿ ಫ್ರೆಡ್ಡಿ. ಅದೇ ನವೆಂಬರ್ 30ಕ್ಕೆ ಅಪ್ಪ ಕೌಂಟಿಯ ಕಾಗದವೊಂದಕ್ಕೆ ಸಹಿ ಹಾಕಿದ. ತನ್ನ ಹತ್ರ ಏನೂ ಇಲ್ಲ ಅಂತ ಪ್ರಮಾಣ ಮಾಡಿದ್ರೆ ಮಾತ್ರ ಸರ್ಕಾರದ ಗೋಧಿ ಹಿಟ್ಟು ಸಿಗ್ತಿತ್ತು. ಆತ ಪ್ರಮಾಣ ಮಾಡಿದ. ಸಿಕ್ಕಿದ್ದು ಎರಡು ಅರ್ಧ ಪೀಪಾಯಿ ಹಿಟ್ಟು.

ಪುಸ್ತಕದಲ್ಲಿ ಮಿಡತೆ ಇದೆ. ಅಪ್ಪ ಹರಿದ ಬೂಟಲ್ಲಿ ನೂರಾರು ಮೈಲಿ ನಡೆದು ಕೂಲಿಗೆ ಹೋಗೋದಿದೆ. ಹಿಟ್ಟಿನ ಕಾಗದ ಇಲ್ಲ. ಅಪ್ಪ ಸರ್ಕಾರದ ಮುಂದೆ ಕೈ ಚಾಚಿದ್ದನ್ನು ಬರೆಯೋಕೆ ಲಾರಾಗೆ ಮನಸ್ಸಾಗಲಿಲ್ಲವೋ, ಗೊತ್ತೇ ಇರಲಿಲ್ಲವೋ. ಆಗ ಅವರಿಗೆ ಎಂಟು ವರ್ಷ. ನನಗಂತೂ ಆ ಸಹಿ ನೋಡಿ ಚಾರ್ಲ್ಸ್ ಬಗ್ಗೆ ಗೌರವ ಕಮ್ಮಿಯಾಗಲಿಲ್ಲ. ಮನೆಯಲ್ಲಿ ಒಂದು ತಿಂಗಳ ಕೂಸು, ಬಾಣಂತಿ, ಮೂರು ಹುಡುಗಿಯರು, ಎದುರಿಗೆ ಮಿನ್ನೆಸೋಟದ ಚಳಿಗಾಲ. ಇನ್ನೇನು ಮಾಡ್ಬೇಕಿತ್ತು?

ಫ್ರೆಡ್ಡಿ 1876ರ ಆಗಸ್ಟ್ 27ರಂದು ಸೌತ್ ಟ್ರಾಯ್ ಅನ್ನೋ ಹಳ್ಳಿಯಲ್ಲಿ ತೀರಿಕೊಂಡ. ಒಂಬತ್ತು ತಿಂಗಳು. ಲೆಕ್ಕ ಹಾಕಿ: 1875ರ ಮೇ ಗಣತಿಗೆ ಇನ್ನೂ ಹುಟ್ಟಿರಲಿಲ್ಲ. 1880ರ ಗಣತಿಗೆ ಬದುಕಿರಲಿಲ್ಲ. ಯಾವ ಹಾಳೆಯಲ್ಲೂ ಅವನಿಲ್ಲ. ಮಕ್ಕಳ ಪುಸ್ತಕಗಳಲ್ಲೂ ಇಲ್ಲ.

6/8

1876–77ರಲ್ಲಿ ಇಂಗಲ್ಸ್ ಮನೆಯವರು ಅಯೋವಾದ ಬರ್ ಓಕ್‌ನಲ್ಲಿ ಒಂದು ಹೋಟೆಲ್ ನಡೆಸೋ ಕೆಲಸದಲ್ಲಿದ್ರು. ಸಾಲ ತೀರಿಸೋಕಾಗದೆ ರಾತ್ರೋರಾತ್ರಿ ಊರು ಬಿಟ್ರು. ಮಕ್ಕಳ ಪುಸ್ತಕಗಳಲ್ಲಿ ಬರ್ ಓಕ್‌ನ ಆ ದಿನಗಳೇ ಬರಲ್ಲ. ಆದರೆ ಗ್ರೇಸ್ ಅನ್ನೋ ಕೊನೆಯ ತಂಗಿ ಒಂದು ಪುಸ್ತಕದಲ್ಲಿ ಇದ್ದಕ್ಕಿದ್ದಂತೆ ಬಂದು ಕೂರ್ತಾಳೆ!

ಗಣತಿಯಲ್ಲಿ ಇಂಥ ಗುಟ್ಟು ಬಿಡಿಸೋದು ಹುಟ್ಟಿದ ರಾಜ್ಯದ ಕಾಲಂ. ಮಕ್ಕಳನ್ನು ಸಾಲಾಗಿ ನೋಡಿ. ಮೇರಿ 1865, ವಿಸ್ಕಾನ್ಸಿನ್. ಲಾರಾ 1867, ವಿಸ್ಕಾನ್ಸಿನ್. ಕ್ಯಾರಿ 1870, ಕನ್ಸಾಸ್. ಗ್ರೇಸ್ 1877, ಅಯೋವಾ. ಮಕ್ಕಳ ಹುಟ್ಟೂರು ಜೋಡಿಸಿದ್ರೆ ಗಾಡಿ ಹೋದ ದಾರಿ ಬಂತು. ಪುಸ್ತಕದಲ್ಲಿ ಕ್ಯಾರಿ ಕೂಸಾಗಿ ಗಾಡಿಯಲ್ಲೇ ಕನ್ಸಾಸ್‌ಗೆ ಬರ್ತಾಳೆ. ನಿಜಕ್ಕೂ ಅವಳು ಹುಟ್ಟಿದ್ದೇ ಅಲ್ಲಿ, ಒಸೇಜ್ ಭೂಮಿಯ ಮೇಲಿನ ಆ ಮನೆಯಲ್ಲಿ.

ಹಾಗೇ ಒಂದು ಕೊಲೆ ಕಥೆ, ಕೇಳಿ. ಕನ್ಸಾಸ್‌ನಲ್ಲಿ ಬೆಂಡರ್ ಅನ್ನೋ ಕುಟುಂಬ ದಾರಿಹೋಕರಿಗೆ ಊಟ ಹಾಕಿ ಕೊಲ್ತಿತ್ತು. 1873ರ ಮೇ ತಿಂಗಳಲ್ಲಿ ಹೂತಿದ್ದ ಹೆಣಗಳು ಸಿಕ್ಕು ದೇಶದ ಪತ್ರಿಕೆಗಳೆಲ್ಲ ಬರೆದವು. 1937ರ ಭಾಷಣವೊಂದರಲ್ಲಿ ಲಾರಾ, ಅವರನ್ನು ಬೆನ್ನಟ್ಟಿದ ಗುಂಪಿನಲ್ಲಿ ನಮ್ಮಪ್ಪನೂ ಇದ್ದ ಅಂದ್ರು. ಮೈ ಜುಂ ಅನ್ನುತ್ತೆ. ಆದರೆ ಕುಟುಂಬ ಕನ್ಸಾಸ್ ಬಿಟ್ಟು ಎರಡು ವರ್ಷ ಆಗಿತ್ತು. 1873ರ ಅಕ್ಟೋಬರ್‌ನಲ್ಲಿ ಮಾರೋವರೆಗೂ ಚಾರ್ಲ್ಸ್ ಜಮೀನು ವಿಸ್ಕಾನ್ಸಿನ್‌ನ ಪೆಪಿನ್ ಕೌಂಟಿಯಲ್ಲಿತ್ತು. ಪತ್ರಿಕೆಯ ಒಂದು ತಾರೀಖು, ಜಮೀನಿನ ಒಂದು ತಾರೀಖು. ಕಥೆ ಬಿತ್ತು.

ಎಲ್ಲ ಸಲ ಲಾರಾನೇ ಸೋಲ್ತಾರೆ ಅಂದ್ಕೋಬೇಡಿ. 1880–81ರ ಭೀಕರ ಚಳಿಗಾಲ, ಅಕ್ಟೋಬರ್‌ನಲ್ಲೇ ಶುರುವಾದ ಹಿಮಗಾಳಿ, ತಿಂಗಳುಗಟ್ಟಲೆ ಬಾರದ ರೈಲು: ಇವೆಲ್ಲಕ್ಕೂ ಆ ಕಾಲದ ಪತ್ರಿಕೆಗಳೇ ಸಾಕ್ಷಿ.

7/8

ಗಣತಿ ಹತ್ತು ವರ್ಷಕ್ಕೊಂದು ಫೋಟೊ ಇದ್ದ ಹಾಗೆ. ನಡುವಿನ ದಿನಗಳು ಬೇಕಂದ್ರೆ ಊರಿನ ವಾರಪತ್ರಿಕೆ.

ಆಗಿನ ಮಿಡ್‌ವೆಸ್ಟ್‌ನ ಸಣ್ಣ ಊರಿಗೂ ಒಂದು ಪತ್ರಿಕೆ ಇರ್ತಿತ್ತು. ಎಷ್ಟೋ ಸಂಪಾದಕರು ದೇಶದ ಸುದ್ದಿ ಆಗಲೇ ಅಚ್ಚಾದ ಕಾಗದ ತರಿಸಿ, ಉಳಿದ ಪುಟಗಳಲ್ಲಿ ಊರಿನದ್ದು ಮಾತ್ರ ಹಾಕ್ತಿದ್ರು. ಯಾರ ಮನೆಗೆ ಯಾರು ಬಂದ್ರು, ಯಾರಿಗೆ ಹುಷಾರಿಲ್ಲ, ಯಾರು ಹೊಸ ಮನೆ ಕಟ್ಟಿದ್ರು. ಒಂದೊಂದು ಸಾಲು. ಆಗಿನವರಿಗೆ ಅದು ಸ್ಟೇಟಸ್ ಅಪ್‌ಡೇಟ್ ಅನ್ನಿ.

ಇಂಥದ್ದೇ ಕೆಲವು ಸಾಲುಗಳು ಮೇರಿಯ ಕಥೆಯನ್ನು ತಿರುಗಿಸಿಬಿಟ್ಟವು. ಲಾರಾಳ ಅಕ್ಕ ಮೇರಿ 1879ರಲ್ಲಿ, 14ನೇ ವಯಸ್ಸಿಗೆ ಕಣ್ಣು ಕಳ್ಕೊಂಡಳು. ಪುಸ್ತಕ ಕೊಡೋ ಕಾರಣ ಸ್ಕಾರ್ಲೆಟ್ ಜ್ವರ. 2013ರಲ್ಲಿ ಮಕ್ಕಳ ವೈದ್ಯರ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು 1879ರ ಸ್ಥಳೀಯ ಪತ್ರಿಕೆಗಳನ್ನು, ಲಾರಾಳ ಕಾಗದ ಮತ್ತು ನೆನಪುಗಳನ್ನು, ಮೇರಿ ಓದಿದ ಅಯೋವಾದ ಅಂಧರ ಶಾಲೆಯ ದಾಖಲೆಯನ್ನು ಒಟ್ಟಿಗಿಟ್ಟು ನೋಡಿದ್ರು. ಪತ್ರಿಕೆ ಹೇಳಿದ್ದು ವಿಪರೀತ ತಲೆನೋವು, ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿದ್ದು. ಇದು ಸ್ಕಾರ್ಲೆಟ್ ಜ್ವರದ ಲಕ್ಷಣ ಅಲ್ಲ. ವೈರಸ್‌ನಿಂದ ಬಂದ ಮೆದುಳು ಮತ್ತು ಮೆದುಳುಪೊರೆಯ ಉರಿಯೂತವೇ ಹೆಚ್ಚು ಸಂಭವ ಅನ್ನೋದು ಅವರ ತೀರ್ಮಾನ. 134 ವರ್ಷದ ಮೇಲೆ ಡಯಾಗ್ನೋಸಿಸ್!

ಪತ್ರಿಕೆಯಲ್ಲಿ ತಪ್ಪದೇ ನೋಡಬೇಕಾದ ಇನ್ನೊಂದು ಜಾಗ ಕಾನೂನು ನೋಟೀಸು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಹಿಡಿದವನು ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದ್ದಕ್ಕೆ ಸಾಕ್ಷಿ ಕೊಡಬೇಕಿತ್ತು. ಅದಕ್ಕೆ ಮೊದಲು ಪತ್ರಿಕೆಯಲ್ಲಿ ನೋಟೀಸು, ಸಾಕ್ಷಿ ಹೇಳೋ ನೆರೆಯವರ ಹೆಸರು ಸಮೇತ. ಆ ಶುಲ್ಕದಲ್ಲೇ ಬದುಕಿದ ಪತ್ರಿಕೆಗಳು ಎಷ್ಟೋ. ಚಾರ್ಲ್ಸ್ 1880ರಲ್ಲಿ ಡಿ ಸ್ಮೆಟ್ ಹತ್ತಿರ ಹಿಡಿದ ಜಮೀನು 1886ಕ್ಕೆ ಆತನದ್ದಾಯ್ತು. 50ನೇ ವಯಸ್ಸಿಗೆ. ಮುಂದಿನ ವರ್ಷವೇ ಊರೊಳಗೆ ಮನೆ ಕಟ್ಟಿದ, ಆಮೇಲೆ ಎಲ್ಲಿಗೂ ಗಾಡಿ ಕಟ್ಟಲಿಲ್ಲ.

ಒಂದು ಎಚ್ಚರಿಕೆ: ಈ ಸಂಪಾದಕರಿಗೆ ಊರಿಗೆ ಜನ ಬರಬೇಕಿತ್ತು. ಹೊಸ ಅಂಗಡಿ ದೊಡ್ಡ ಸುದ್ದಿ, ಬರಗಾಲ ಸಣ್ಣ ಸುದ್ದಿ. ಅಲ್ಲಿಂದ ಓಡಿಸಲ್ಪಟ್ಟ ಜನರ ಕಡೆಯ ಮಾತು ಇಂಥ ಪತ್ರಿಕೆಗಳಲ್ಲಿ ಹುಡುಕಿದ್ರೂ ಸಿಗೋದು ಅಪರೂಪ.

8/8

1890ರ ಹಾಳೆಗೆ ಹೋಗೋಣ ಅಂದ್ರೆ ಹಾಳೆಯೇ ಇಲ್ಲ. 1921ರ ಜನವರಿ 10ರಂದು ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆ ಕಟ್ಟಡದಲ್ಲಿ ಬೆಂಕಿ ಬಿತ್ತು (ಚಾರ್ಲ್ಸ್ ಹುಟ್ಟಿದ ತಾರೀಖೇ ಅದು, ಕಾಕತಾಳೀಯ). ಬೆಂಕಿಗಿಂತ ಅದನ್ನು ಆರಿಸಿದ ನೀರು ಹೆಚ್ಚು ಹಾಳು ಮಾಡ್ತು. ಉಳಿದದ್ದನ್ನು ನಾಶ ಮಾಡೋಕೆ ಸಂಸತ್ತು 1933ರ ಫೆಬ್ರವರಿ 21ಕ್ಕೆ ಒಪ್ಪಿಗೆ ಕೊಡ್ತು. ಹಿಂದಿನ ದಿನವಷ್ಟೇ ಅಧ್ಯಕ್ಷ ಹೂವರ್ ಇಂಥ ದಾಖಲೆ ಕಾಪಾಡೋಕೆ ಅಂತಲೇ ರಾಷ್ಟ್ರೀಯ ಪತ್ರಾಗಾರದ ಕಟ್ಟಡಕ್ಕೆ ಶಿಲಾನ್ಯಾಸ ಮಾಡಿದ್ರು! ಹೀಗಾಗಿ 1880ರಿಂದ 1900ಕ್ಕೆ ಜಿಗಿಯೋರು ಡಕೋಟದಲ್ಲಾದ್ರೆ 1885ರ ಪ್ರಾಂತೀಯ ಗಣತಿ ಹಿಡೀತಾರೆ, ಇಲ್ಲ ಪತ್ರಿಕೆಯ ಸಾಲುಗಳನ್ನು ಹಿಡೀತಾರೆ.

ನೀವೇ ನೋಡ್ಬೇಕು ಅನ್ನಿಸಿದ್ರೆ ಗಣತಿ ಹಾಳೆಗಳಿಗೆ ಫ್ಯಾಮಿಲಿ ಸರ್ಚ್, ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ. ಎರಡೂ ಉಚಿತ. ಮೊದಲು 1870ರಿಂದಲೇ ಶುರು ಮಾಡಿ, ಆ ಖಾಲಿ ಕಾಲಂಗಳನ್ನು ಕಣ್ಣಾರೆ ನೋಡಿ.

ಆಮೇಲೆ 1900ಕ್ಕೆ ಬನ್ನಿ. ಚಾರ್ಲ್ಸ್ ಬದುಕಿದ್ದಾಗ ಆದ ಕೊನೆಯ ಗಣತಿ. ಅದರಲ್ಲಿ ಮದುವೆಯಾದ ಹೆಂಗಸರಿಗೆ ಎರಡು ಪ್ರಶ್ನೆ ಇದ್ದವು: ಎಷ್ಟು ಮಕ್ಕಳನ್ನು ಹೆತ್ತಿರಿ, ಅವರಲ್ಲಿ ಎಷ್ಟು ಜನ ಬದುಕಿದ್ದಾರೆ? ಎರಡು ಅಂಕಿ ಬೇರೆ ಇದ್ರೆ, ನಡುವೆ ಯಾವುದೋ ಮಗು ಬಂದು ಹೋಗಿದೆ ಅಂತ ಅರ್ಥ. ವಂಶ ಹುಡುಕೋರು ಹೆಸರೇ ಇಲ್ಲದ ಮಕ್ಕಳನ್ನು ಪತ್ತೆ ಹಚ್ಚೋದು ಹೀಗೆ. ಕ್ಯಾರೊಲಿನ್ ಇಂಗಲ್ಸ್‌ಗೆ ಆಗ 60 ವರ್ಷ. ಹೆತ್ತದ್ದು 5, ಬದುಕಿದ್ದದ್ದು 4.

ಫ್ರೆಡ್ಡಿ ಹೆಸರು ಮನೆಯ ಬೈಬಲ್‌ನಲ್ಲಿದೆ. 1930ರಲ್ಲಿ ಲಾರಾ ದೊಡ್ಡವರಿಗಾಗಿ ಬರೆದ, 2014ರವರೆಗೆ ಅಚ್ಚಾಗದೆ ಉಳಿದ ಆತ್ಮಕಥೆ ‘ಪಯನಿಯರ್ ಗರ್ಲ್’ನಲ್ಲೂ ಇದೆ.

#ಇತಿಹಾಸ #ಜನಗಣತಿ #ಹಳೇಪತ್ರಿಕೆ #ಲಾರಾಇಂಗಲ್ಸ್ #ಒಸೇಜ್